ಪಾತಾಳಗರಡಿಯ ಒತ್ತೆ

ಒಂದು ತಟ್ಟೆ, ಒಂದು ಚೊಂಬು, ಅನ್ನಕ್ಕೊಂದು ಪಾತ್ರೆ. ಒಬ್ಬ ಮನುಷ್ಯ ಬದುಕಲಿಕ್ಕೆ ಇಷ್ಟು ಸಾಕು. ಈ ಸತ್ಯವನ್ನು ನಾನು ಕಂಡುಕೊಂಡದ್ದು ಕಳೆದ ಕಾರ್ತಿಕದಲ್ಲಿ, ನಮ್ಮಾಕೆ ಕೂಸನ್ನು ಎತ್ತಿಕೊಂಡು ತವರಿಗೆ ಹೋಗಿದ್ದಾಗ. (ಗಂಡಸರಿಗೆ ಇಂಥ ಸತ್ಯಗಳು ಹೊಳೆಯುವುದು ಹೆಂಡತಿ ಊರಲ್ಲಿ ಇಲ್ಲದಾಗಲೇ.)

ಆಕೆಯ ತವರು ಮಡಕಶಿರ. ತಂಗಿಯ ಬಾಣಂತನ ಇತ್ತು. ನಮ್ಮ ರಾಯದುರ್ಗದಿಂದ ಅಲ್ಲಿಗೆ ಹೋಗುವುದೆಂದರೆ ಈ ಯುದ್ಧದ ಕಾಲದಲ್ಲಿ ಸಣ್ಣ ಮಾತಲ್ಲ. ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುವ ಬಸ್ಸು. ದಿಬ್ಬ ಬಂದರೆ ಪ್ರಯಾಣಿಕರು ಇಳಿಯಬೇಕು, ಕೆಲವೊಮ್ಮೆ ತಳ್ಳಲೂ ಬೇಕು. ಅಷ್ಟು ಕಷ್ಟಪಟ್ಟು ಹೋದವರು ಬೇಗ ಬರುವುದಿಲ್ಲ. ಹಾಗಾಗಿ ನನಗೆ ಪ್ರಯೋಗ ನಡೆಸಲು ಬೇಕಾದಷ್ಟು ಸಮಯ ಸಿಕ್ಕಿತು.

ಪ್ರಯೋಗದ ಫಲವನ್ನು ಇದೇ ಕಾಲಮ್ಮಿನಲ್ಲಿ ಬರೆದಿದ್ದೆ. ನಿಮಗೆ ನೆನಪಿರಬಹುದು. ಉಂಡ ತಟ್ಟೆಯನ್ನು ಉಂಡವರೇ ಆಗಲೇ ತೊಳೆದಿಡುವುದು. ಸೀಮೆಎಣ್ಣೆ ಸಿಗದ ಈ ದಿನಗಳಲ್ಲಿ ಮನೆಗೆಲ್ಲ ಒಂದೇ ದೀಪ ಹಚ್ಚಿ, ಕೆಲಸವಿದ್ದವರು ಅದರ ಸುತ್ತ ಕೂರುವುದು. ಸ್ನಾನದ ನೀರನ್ನು ನುಗ್ಗೆ ಗಿಡಕ್ಕೆ ಬಿಡುವುದು. ಅಂಗಡಿಗೆ ಹೋಗುವ ಮುಂಚೆ, ತರಬೇಕೆಂದಿರುವ ಸಾಮಾನು ಮನೆಯಲ್ಲೇ ಎಲ್ಲಾದರೂ ಬಿದ್ದಿದೆಯೇ ಎಂದು ಹುಡುಕುವುದು. ಕೊನೆಯ ಪಾಯಿಂಟು ನನಗೆ ಬಹಳ ಹಿಡಿಸಿತ್ತು: ವರ್ಷವಿಡೀ ಕೈ ಮುಟ್ಟದ ವಸ್ತು ಮನೆಯಲ್ಲಿ ಇರಬಾರದು.

ಬರೆದವನು ನಡೆಯಬೇಡವೇ? ಒಂದು ಭಾನುವಾರ ಬೆಳಿಗ್ಗೆ ಅಡಿಗೆಮನೆಯ ಅಟ್ಟ ಹತ್ತಿದೆ.

ಅಲ್ಲಿ ಒಂದು ಸಣ್ಣ ಮದುವೆ ಮಾಡಿ ಮುಗಿಸುವಷ್ಟು ಪಾತ್ರೆಗಳಿದ್ದವು. ತಂಬಿಗೆಗಳು, ಚೊಂಬುಗಳು, ಹಿತ್ತಾಳೆಯ ಒಂದು ಪಂಚಪಾತ್ರೆ, ಕಂಚಿನ ಗಂಗಾಳ. ಎಲ್ಲದರ ಹಿಂದೆ, ಗೋಡೆಗೆ ಒರಗಿಸಿಟ್ಟ ಒಂದು ದೊಡ್ಡ ತಾಮ್ರದ ಕೊಡ. ಇಬ್ಬರು ದೊಡ್ಡವರು, ಒಂದು ಕೂಸು ಇರುವ ಮನೆಗೆ ಇಷ್ಟೇಕೆ? ಇಳಿಸಿ ಬೆಳಕಿಗೆ ಹಿಡಿದು ನೋಡಿದೆ. ಕುತ್ತಿಗೆಯ ಸುತ್ತ ಹೆಸರು ಕೊರೆಸಿದ್ದರು. ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಒಂದಾದರೂ ನಮ್ಮ ಹೆಸರಲ್ಲ. ಎಲ್ಲವೂ ನಮ್ಮ ಬೀದಿಯ ಹೆಂಗಸರವು.

ಆಗ ಅರ್ಥವಾಯಿತು. ಇವು ಒತ್ತೆಯ ಪಾತ್ರೆಗಳು.

ನಲ್ಲಿ ನೀರಿನ ಊರಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾವಿಗೆ ಬಿದ್ದ ಕೊಡವನ್ನೋ ಬಕೀಟನ್ನೋ ಎತ್ತಲು ಪಾತಾಳಗರಡಿ ಎಂಬ ಸಾಧನವಿದೆ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಜೋತುಬಿದ್ದ ಕೊಕ್ಕೆಗಳು. ಹಗ್ಗಕ್ಕೆ ಕಟ್ಟಿ ಇಳಿಸಿ ತಳದಲ್ಲಿ ಆಡಿಸುತ್ತಿದ್ದರೆ ಯಾವುದಾದರೂ ಕೊಕ್ಕೆಗೆ ಬಿದ್ದದ್ದು ಸಿಕ್ಕಿಕೊಳ್ಳುತ್ತದೆ. ನಮ್ಮ ಬೀದಿಗೆಲ್ಲ ಇರುವುದು ಒಂದೇ ಗರಡಿ, ಅದು ನಮ್ಮ ಮನೆಯದು. ಅದನ್ನು ಬರಿಗೈಯಲ್ಲಿ ಬಂದವರಿಗೆ ಕೊಡುವ ಪದ್ಧತಿ ಇಲ್ಲ. ಎಷ್ಟೇ ಹತ್ತಿರದವರಾಗಲಿ, ಒಂದು ಲೋಹದ ಪಾತ್ರೆ ಒತ್ತೆ ಇಡಬೇಕು. (ಮಣ್ಣಿನ ಗಡಿಗೆ ನಡೆಯುವುದಿಲ್ಲ.) ಗರಡಿ ಹಿಂದಕ್ಕೆ ಬಂದರೆ ಪಾತ್ರೆ ಹಿಂದಕ್ಕೆ ಹೋಗುತ್ತದೆ. ಗರಡಿ ಕಳೆದರೆ ಪಾತ್ರೆ ಗರಡಿಯವರದು. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ, ಮುರಿದವರನ್ನಂತೂ ನಾನು ನೋಡಿಲ್ಲ.

ಆದರೆ ಗರಡಿ ಅಡಿಗೆಮನೆಯ ಬಾಗಿಲ ಹಿಂದೆ ತನ್ನ ಮೊಳೆಯಲ್ಲಿ ನೆಮ್ಮದಿಯಾಗಿ ನೇತಾಡುತ್ತಿತ್ತು. ಅಂದರೆ ಈ ಹೆಂಗಸರೆಲ್ಲ ಗರಡಿ ಹಿಂದಿರುಗಿಸಿ, ತಮ್ಮ ಪಾತ್ರೆ ಒಯ್ಯುವುದನ್ನೇ ಮರೆತಿದ್ದಾರೆ. ನಮ್ಮಾಕೆಯೂ ನೆನಪಿಸಿಲ್ಲ. ಇದಕ್ಕಿಂತ ದೊಡ್ಡ ಅಜಾಗರೂಕತೆ ಉಂಟೇ? ನಾನು ಒಂದು ಬುಟ್ಟಿಗೆ ಪಾತ್ರೆಗಳನ್ನು ತುಂಬಿಕೊಂಡೆ. ಕೊಡವನ್ನು ಹೆಗಲ ಮೇಲೆ ಇಟ್ಟುಕೊಂಡೆ. ಹೈಸ್ಕೂಲು ಮೇಷ್ಟರು ಕೊಡ ಹೊತ್ತು ಬೀದಿಯಲ್ಲಿ ಹೋಗುವುದನ್ನು ಜನ ಜಗುಲಿಗಳಿಂದ ನೋಡಿದರು.

ಮನೆಮನೆಗೆ ಹೋಗಿ ಹಿಂದಿರುಗಿಸಿದೆ, ಜೊತೆಗೆ ಸಣ್ಣ ಲೆಕ್ಚರ್. ವಿಚಿತ್ರವೆಂದರೆ ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ. ಒಬ್ಬಾಕೆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು. ಇನ್ನೊಬ್ಬಾಕೆ, "ಅಕ್ಕಾರು ಹೇಳಿ ಕಳಿಸ್ಯಾರೇನ್ರಿ?" ಎಂದು ಕೇಳಿದಳು. ನಮ್ಮಾಕೆಯನ್ನು ಬೀದಿಯವರು ಅಕ್ಕಾರು ಎನ್ನುತ್ತಾರೆ. ಇಲ್ಲ, ನಾನೇ ತಂದೆ ಎಂದಾಗ ಆಕೆಯ ಮುಖ ಇನ್ನಷ್ಟು ಸಪ್ಪಗಾಯಿತು.

ಸಂತೋಷಪಟ್ಟವನು ಒಬ್ಬನೇ. ಜಟಕಾ ತಿಪ್ಪಣ್ಣ. ತಾಮ್ರದ ಕೊಡ ಅವನ ಹೆಂಡತಿ ಹನುಮಕ್ಕನದು. ಆಕೆ ಕಡಲೆಕಾಯಿ ಕೀಳುವ ಕೂಲಿಗೆ ಹೋಗಿದ್ದಳು, ಇವನು ಜಗುಲಿಯ ಮೇಲೆ ಕೂತು ಚಾಟಿಗೆ ಹೊಸ ದಾರ ಸುತ್ತುತ್ತಿದ್ದ. ಮಾತಿಗೆ ಒಳ್ಳೆಯವನು, ಸ್ಟೇಷನ್ನಿನಿಂದ ಎಂಥ ಸಾಮಾನು ಇದ್ದರೂ ಮುಖ ಸಿಂಡರಿಸದೆ ತರುವವನು. ರೈಲು ಇಲ್ಲದ ಹೊತ್ತಿನಲ್ಲಿ ಗೂಡ್ಸ್ ಷೆಡ್ಡಿನ ಹಿಂದೆ ಇಸ್ಪೀಟು ಆಡುತ್ತಾನೆ ಎಂದು ಕೇಳಿದ್ದೆ. ಅದು ಅವನ ವಿಚಾರ ಎಂದುಕೊಂಡಿದ್ದೆ.

ಕೊಡ ಇಳಿಸುತ್ತ ಮನೆಯೊಳಗೆ ಕಣ್ಣು ಹಾಯಿಸಿದೆ. ಒಲೆಯ ಪಕ್ಕ ಮಣ್ಣಿನ ಗಡಿಗೆಗಳು. ಮೂಲೆಯಲ್ಲಿ ಕುದುರೆಗೆ ನೀರು ಕುಡಿಸುವ ಕಬ್ಬಿಣದ ಬಕೀಟು. ಮುಗಿಯಿತು. ಒಂದು ಲೋಟ ಕೂಡ ಹೆಚ್ಚಿಗೆ ಇರಲಿಲ್ಲ. ನನಗೆ ನಿಜವಾಗಿಯೂ ಮೆಚ್ಚುಗೆಯಾಯಿತು.

"ನೋಡು ತಿಪ್ಪಣ್ಣ, ನಾನು ಬರೆದು ಹೇಳುವುದನ್ನು ನೀನು ಓದದೆಯೇ ನಡೆಸಿಕೊಂಡು ಬಂದಿದ್ದೀಯ. ಮನೆ ಅಂದರೆ ಹೀಗಿರಬೇಕು" ಎಂದೆ.

"ಎಲ್ಲಾ ನಿಮ್ಮಂಥ ಹಿರೇರ ಆಶೀರ್ವಾದರಿ ಮೇಷ್ಟ್ರ" ಎಂದ ತಿಪ್ಪಣ್ಣ, ಕೊಡವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತ.

ನಮ್ಮಾಕೆ ಬಂದದ್ದು ಮಂಗಳವಾರ ಸಾಯಂಕಾಲ. ಕೂಸನ್ನು ನನ್ನ ಕೈಗೆ ಕೊಟ್ಟು, ಕಾಲು ತೊಳೆದು ಒಳಗೆ ಹೋದವಳು ಅಷ್ಟೇ ಬೇಗ ಹೊರಗೆ ಬಂದಳು.

"ಅಟ್ಟ ಯಾಕ್ರೀ ಬರಿದಾಗೈತೆ?"

ಹೇಳಿದೆ. ಸರಳ ಜೀವನದಿಂದ ಶುರುಮಾಡಿ ಬುಟ್ಟಿಯವರೆಗೆ ಕ್ರಮವಾಗಿ ಹೇಳಿದೆ. ಆಕೆ ಹೊಸ್ತಿಲ ಮೇಲೆ ಕೂತಳು.

"ಹನುಮಕ್ಕನ ಕೊಡ ಯಾರ ಕೈಗೆ ಕೊಟ್ರಿ?"

"ತಿಪ್ಪಣ್ಣನ ಕೈಗೆ. ಆಕೆ ಮನೇಲಿ ಇರಲಿಲ್ಲ."

"ಇಸ್ಪೀಟಾಡೋನ ಕೈಗೆ ಕೊಟ್ಬುಟ್ರಾ."

"ಗರಡಿ ಮೊಳೇಲೇ ಇತ್ತಲ್ಲ. ನೀನು ಮರೆತಿದ್ದೀಯ ಅಂದುಕೊಂಡೆ."

"ಮರಿಯೋಕೆ ನಾನೇನು ಮೇಷ್ಟ್ರಾ?"

ಆಮೇಲೆ ಆಕೆ ವಿವರಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಮ್ಮ ಬೀದಿಯಲ್ಲಿ ಕೆಲವು ಗಂಡಂದಿರಿಗೆ ಮನೆಯ ಪಾತ್ರೆ ಕಂಡರೆ ಒಯ್ದು ಮಾರಲು ಕೈ ಕಡಿಯುತ್ತದೆ. ಬಚ್ಚಿಟ್ಟರೆ ಹುಡುಕುತ್ತಾರೆ, ಕೊಡದಿದ್ದರೆ ಹೊಡೆಯುತ್ತಾರೆ. ಆದರೆ "ಗರಡಿ ತಂದಾಗ ಒತ್ತೆ ಇಟ್ಟೀನಿ, ಗರಡಿ ಇನ್ನಾ ಹಿಂದಕ್ಕ ಕೊಟ್ಟಿಲ್ಲ" ಎಂದರೆ ಸುಮ್ಮನಾಗುತ್ತಾರೆ. ಒತ್ತೆ ಇಟ್ಟದ್ದನ್ನು ಕೇಳುವಂತಿಲ್ಲ, ಅದು ಬೀದಿಯ ಕಟ್ಟಳೆ. ಗರಡಿ ನಮ್ಮದೇ ಆದರೂ ಆ ಹೊತ್ತಿಗೆ ಯಾರ ಮನೆಯಲ್ಲಿದೆ ಎಂದು ಯಾವ ಗಂಡಸಿಗೆ ಗೊತ್ತು? ನಮ್ಮ ಅಡಿಗೆಮನೆಯ ಬಾಗಿಲ ಹಿಂದೆ ಬಂದು ನೋಡುವವರು ಯಾರು? ಹೀಗೆ ಗರಡಿ ಮೊಳೆ ಬಿಟ್ಟು ಕದಲದೆಯೇ ಅಷ್ಟೂ ಪಾತ್ರೆಗಳನ್ನು ಕಾಯುತ್ತಿತ್ತು.

ಇದನ್ನು ನನಗೇಕೆ ಹೇಳಿರಲಿಲ್ಲ ಎಂದು ಕೇಳಿದೆ.

"ನೀವು ವಾರವಾರ ಪೇಪರ್ನಾಗೆ ಬರೀತೀರಲ್ಲ" ಎಂದಳು.

ಅಂದೇ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಒಬ್ಬೊಬ್ಬರೇ ಬಂದರು. ಸೆರಗಿನ ಕೆಳಗೆ ತಂಬಿಗೆ, ಗಂಗಾಳ. ಆ ಮನೆಗಳ ಗಂಡಸರು ಇನ್ನೂ ನೋಡಿರಲಿಲ್ಲ, ಹೇಗೋ ಉಳಿದುಕೊಂಡಿದ್ದವು. ಕೊನೆಗೆ ಹನುಮಕ್ಕ ಬಂದಳು. ಬರಿಗೈ.

"ಮೇಷ್ಟ್ರಿಗೆ ಏನೂ ಅನಬ್ಯಾಡ್ರಿ ಅಕ್ಕಾರ. ಅವರಿಗೇನ್ ಗೊತ್ರಿ" ಎಂದು ಮೊದಲು ಹೇಳಿದಳು. ಪಡಸಾಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೆ ನಾಚಿಕೆಯಾಯಿತು.

ಆ ಕೊಡ ಆಕೆಯ ತಾಯಿ ಕೊಟ್ಟದ್ದು. ದೊಡ್ಡ ಮಗಳು ಗಂಗಿಯನ್ನು ಗುಮ್ಮಘಟ್ಟದ ಕಡೆ ಕೊಡುವುದೆಂದು ಮಾತಾಗಿತ್ತು, ಮಾಘದಲ್ಲಿ ಮದುವೆ. ಆ ಕಡೆಯ ಮನೆಗಳಲ್ಲಿ ಸೊಸೆ ಬಂದ ದಿನ ತವರಿನಿಂದ ತಂದ ಕೊಡದಲ್ಲೇ ಮೊದಲ ನೀರು ಸೇದಿ ತರಬೇಕು. ಕೊಡ ಇಲ್ಲದೆ ಹೋದ ಹುಡುಗಿ ಅತ್ತೆಯ ಬಾಯಿಗೆ ಬೀಳುತ್ತಾಳೆ. ಉಳಿದ ಪಾತ್ರೆಗಳೆಲ್ಲ ಒಂದೊಂದಾಗಿ ಬಳ್ಳಾರಿಯ ಪೇಟೆ ಸೇರಿದ್ದವು. ಉಳಿದದ್ದು ಇದೊಂದೇ.

"ಗುರುವಾರ ಬಳ್ಳಾರಿಗಿ ಒಯ್ತೀನಿ ಅಂತ ಕುಂತಾನ್ರಿ. ಯುದ್ಧದಾಗ ತಾಮ್ರದ ರೇಟು ಏರೇತಂತ. ರಾತ್ರಿ ಅದನ್ನ ತಲಿದೆಸಿಗಿ ಇಟ್ಕೊಂಡು ಮಲಕ್ಕೊಂತಾನ. ಹೆಂಗ ಮಾಡ್ಲ್ರಿ?"

ನಾನು ಎದ್ದು, ತಿಪ್ಪಣ್ಣನ ಹತ್ತಿರ ಮಾತಾಡಿ ಬುದ್ಧಿ ಹೇಳುತ್ತೇನೆ ಎಂದೆ. ಇಬ್ಬರೂ ಒಟ್ಟಿಗೆ ಬೇಡವೆಂದರು. ಆಮೇಲೆ ಅಡಿಗೆಮನೆಯ ಬಾಗಿಲು ಮುಂದಕ್ಕೆ ತಳ್ಳಿಕೊಂಡು ಏನೋ ಮಾತಾಡಿದರು. ನನಗೆ ಕೇಳಿಸಲಿಲ್ಲ. ಕೇಳಿಸಬಾರದೆಂದೇ ಬಾಗಿಲು ತಳ್ಳಿಕೊಂಡದ್ದು.

ಮರುದಿನ ಬುಧವಾರ. ಬೆಳಗಿನ ರೈಲಿನ ಹೊತ್ತು ಹತ್ತಿರವಾಗಿತ್ತು. ನಾನು ಜಗುಲಿಯ ಮೇಲೆ ಕೂತು ಹುಡುಗರ ಕಾಂಪೋಸಿಷನ್ ತಿದ್ದುತ್ತಿದ್ದೆ. ಬೀದಿಯ ಬಾವಿ ನಮ್ಮ ಮನೆಗೆ ಎದುರಿಗೇ ಇದೆ. ಹನುಮಕ್ಕ ಕುದುರೆಯ ಬಕೀಟು ತಂದಳು. ಹಗ್ಗ ಕಟ್ಟಿದಳು. ಕಟ್ಟಿದ್ದನ್ನು ಜಗ್ಗಿ ನೋಡಲಿಲ್ಲ. ಇಳಿಸಿದಳು. ಹಗ್ಗ ಮಾತ್ರ ಮೇಲೆ ಬಂತು.

ತಿಪ್ಪಣ್ಣ ಓಡಿ ಬಂದ. ಕುದುರೆ ನೀರು ಕುಡಿಯದೆ ಜಟಕಾ ಕದಲುವುದಿಲ್ಲ, ಬಕೀಟು ಇಲ್ಲದೆ ಕುದುರೆ ನೀರು ಕುಡಿಯುವುದಿಲ್ಲ. ನೇರ ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ಗರಡಿ ಕೊಡ್ರಿ ಜಲ್ದಿ."

"ಕೊಡಾನ. ಒತ್ತೆ ಏನು ತಂದೀಯ?"

"ಈಗ ತಗದು ಈಗ ತರ್ತೀನ್ರಿ, ಒತ್ತಿ ಯಾಕ್ರಿ?"

"ನಾನು ಮಾಡಿದ್ದಲ್ಲಪ್ಪ. ಎಲ್ಲಾರ್ಗೂ ಒಂದೇ."

ತಿಪ್ಪಣ್ಣ ತಲೆಯ ರುಮಾಲು ಬಿಚ್ಚಿ ಕೊಡಲು ಹೋದ. ನಮ್ಮಾಕೆ ನಕ್ಕಳು. ಚಾಟಿ ಇಡಲೇ ಎಂದ. ಅದೂ ಪಾತ್ರೆಯಲ್ಲ. ಸುತ್ತ ನೆರೆದ ಹೆಂಗಸರೆಲ್ಲ ಪದ್ಧತಿಯ ಪರವಾಗಿ ತಲೆಯಾಡಿಸಿದರು. ನನ್ನ ಕಡೆ ತಿರುಗಿ, "ನೀವರ ಹೇಳ್ರಿ ಮೇಷ್ಟ್ರ" ಎಂದ. ನಾನು ಕಾಂಪೋಸಿಷನ್ನಿನಲ್ಲಿ ಒಂದು ತಪ್ಪು ಹುಡುಕುತ್ತಿದ್ದೆ. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು.

ಯೋಚಿಸಿ ನೋಡಿ. ಅವನ ಮನೆಯಲ್ಲಿ ಒತ್ತೆ ಇಡಲು ಬೇರೆ ಏನಿತ್ತು? ನಾನೇ ಮೆಚ್ಚಿಕೊಂಡು ಬಂದ ಮನೆ ಅದು.

ತಿಪ್ಪಣ್ಣ ಹೋಗಿ ಕೊಡ ತಂದ. ನಮ್ಮಾಕೆ ಅದನ್ನು ಒಳಗಿಟ್ಟು ಗರಡಿ ಕೊಟ್ಟಳು. ಅವನು ಅವಸರದಲ್ಲೂ ಜಾಣತನದಿಂದ ಗರಡಿ ಆಡಿಸಿದ, ಬಕೀಟು ಸಿಕ್ಕಿಬಿಟ್ಟಿತು. ಹನುಮಕ್ಕ ಬಂದು ಗರಡಿಯನ್ನು ಕೈಗೆ ತೆಗೆದುಕೊಂಡಳು.

"ನೀ ಕುದುರಿಗಿ ನೀರು ಕುಡಸ್ಹೋಗು, ರೈಲು ಬಂತು. ಇದನ್ನ ಕೊಟ್ಟು ಕೊಡ ನಾ ತರ್ತೀನಿ."

ಅವನು ಹೋದ. ಜಟಕಾದ ಗೆಜ್ಜೆ ಸದ್ದು ಬೀದಿಯ ತಿರುವು ದಾಟಿತು. ಹನುಮಕ್ಕ ಹಗ್ಗದಿಂದ ಗರಡಿಯನ್ನು ಬಿಚ್ಚಿ ಬಾವಿಯ ಕಟ್ಟೆಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಮೊಣಕೈಯಿಂದ ಅದನ್ನು ಒಳಕ್ಕೆ ನೂಕಿದಳು.

ಕಾರ್ತಿಕದಲ್ಲಿ ನಮ್ಮ ಬಾವಿಯಲ್ಲಿ ನೀರು ತುಂಬ ಇರುತ್ತದೆ. ಸದ್ದು ಚೆನ್ನಾಗಿಯೇ ಕೇಳಿಸಿತು.

"ಅಕ್ಕಾರ, ಗರಡಿ ಕೈ ಜಾರಿ ಬಿತ್ರಿ."

"ಬಿತ್ತಾ?" ಎಂದಳು ನಮ್ಮಾಕೆ, ಮೊಸರು ಮಾರುವವಳು ಬಂದಳೇ ಎಂದು ಕೇಳುವ ದನಿಯಲ್ಲಿ.

ಮಧ್ಯಾಹ್ನ ತಿಪ್ಪಣ್ಣ ಸುದ್ದಿ ತಿಳಿದು ಬಂದ. ಕೊಡ ಕೇಳಿದ. ಗರಡಿ ಎಲ್ಲಿ ಎಂದಳು ಈಕೆ. ಬಾವಿಯಲ್ಲಿದೆ ಎಂದ. ತೆಗೆದುಕೊಡು, ಕೊಡ ಒಯ್ಯಿ ಎಂದಳು. ಗರಡಿಯನ್ನು ಗರಡಿಯಿಲ್ಲದೆ ತೆಗೆಯುವುದು ಹೇಗೆ? ಅವನು ಬಾವಿಯ ತನಕ ಹೋಗಿ ಬಗ್ಗಿ ನೋಡಿ ಬಂದ.

"ಕ್ವಾಟಿ ಕೆಳಗಿನ ಬೀದ್ಯಾಗ ಇನ್ನೊಂದು ಗರಡಿ ಐತಂತ್ರಿ."

"ತಗಂಬಾ. ಅವ್ರಿಗೆ ಒತ್ತೆ ಏನಿಡ್ತೀಯ, ಕುದ್ರೆ ಬಕೀಟಾ?"

ಆ ಗರಡಿಯೂ ಕೈ ಜಾರಿದರೆ ಬಕೀಟೂ ಹೋಗುತ್ತದೆ, ಕುದುರೆಗೆ ನೀರಿಲ್ಲ. ಬಾವಿಗೆ ಇಳಿಯುವೆನೆಂದರೆ ನೀರು ಆಳ, ಮೇಲಾಗಿ ಅದು ಕುಡಿಯುವ ನೀರಿನ ಬಾವಿ, ಬೀದಿಯವರು ಬಿಡುವುದಿಲ್ಲ. ಬೇಸಿಗೆಗೆ ಬತ್ತುವ ತನಕ ಕಾಯಬೇಕು. ಕಳೆದ ಗರಡಿಯ ಒತ್ತೆ ಗರಡಿಯವರದು ಎಂಬ ಮಾತನ್ನು ಯಾರೋ ಮುದುಕಿ ನೆನಪಿಸಿದಳು. ತಿಪ್ಪಣ್ಣ ನಮ್ಮಾಕೆಯ ಮುಖ ನೋಡಿದ, ಹನುಮಕ್ಕನ ಮುಖ ನೋಡಿದ. ಬಾವಿಯ ಸುತ್ತ ನಿಂತ ಅಷ್ಟೂ ಹೆಂಗಸರ ಮುಖ ನೋಡಿದ. ರುಮಾಲು ಸುತ್ತಿಕೊಂಡು ಹೊರಟುಹೋದ.

ಗುರುವಾರ ಅವನು ಬಳ್ಳಾರಿಗೆ ಹೋಗಲಿಲ್ಲ. ಹನುಮಕ್ಕನಿಗೆ ಆ ರಾತ್ರಿ ಏಟು ಬಿದ್ದೀತೆಂದು ನಾನು ಅಂಜಿದ್ದೆ. ನಮ್ಮಾಕೆಯೂ ಅಂಜಿದ್ದಳು, ಅದಕ್ಕೇ ಕೂಸು ಅಳುತ್ತದೆ, ಸ್ವಲ್ಪ ಜೊತೆಗಿರು ಎಂದು ಹನುಮಕ್ಕನನ್ನೂ ಹೆಣ್ಣುಮಕ್ಕಳನ್ನೂ ಎರಡು ದಿನ ನಮ್ಮಲ್ಲೇ ಇರಿಸಿಕೊಂಡಳು. ಏನೂ ಆಗಲಿಲ್ಲ. ಇಡೀ ಬೀದಿಯ ಎದುರು ಆದದ್ದಕ್ಕೆ ಹೆಂಡತಿಯೊಬ್ಬಳನ್ನೇ ಹೊಡೆಯುವುದು ಅವನಿಗೂ ಸರಿಬರಲಿಲ್ಲವೇನೋ.

ಇಷ್ಟು ದಿನ ಇದನ್ನು ಬರೆಯದೆ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಮನೆಯಿಂದ ಪರ್ಮಿಷನ್ ಸಿಕ್ಕಿದ್ದು ಹೋದ ವಾರ. (ಹೆಸರುಗಳನ್ನು ಬದಲಿಸಿದ್ದೇನೆ. ಬೀದಿ ಯಾವುದೆಂದು ಕೇಳಬೇಡಿ.) ಸರಳ ಜೀವನದ ಪಾಯಿಂಟುಗಳಲ್ಲಿ ತಟ್ಟೆ ತೊಳೆಯುವುದು, ಒಂದೇ ದೀಪ, ನುಗ್ಗೆ ಗಿಡ, ಇವು ನಮ್ಮ ಮನೆಯಲ್ಲಿ ಈಗಲೂ ಜಾರಿಯಲ್ಲಿವೆ. ತಟ್ಟೆ ನಾನೇ ತೊಳೆಯುತ್ತೇನೆ. ವರ್ಷವಿಡೀ ಕೈ ಮುಟ್ಟದ ವಸ್ತುಗಳ ಪಾಯಿಂಟನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಯಾವ ವಸ್ತು ಮನೆಯಲ್ಲಿ ಸುಮ್ಮನೆ ಕೂತಿದೆ, ಯಾವುದು ಕೂತಲ್ಲೇ ಕೆಲಸ ಮಾಡುತ್ತಿದೆ ಎಂದು ಅಟ್ಟ ಹತ್ತಿ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಕೇಳಬೇಕು. ನಾನು ಕೇಳಿರಲಿಲ್ಲ.

ಮಾಘದಲ್ಲಿ ಗಂಗಿಯ ಮದುವೆ ಆಯಿತು. ಹೆಣ್ಣನ್ನು ಕಳಿಸುವ ದಿನ ನಾವೂ ಹೋಗಿದ್ದೆವು. ನಮ್ಮಾಕೆ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, "ಇದು ನಮ್ಮನೆ ಉಡುಗೊರೆ" ಎಂದು ಎಲ್ಲರೆದುರು ಹುಡುಗಿಯ ಮಡಿಲಿಗಿಟ್ಟಳು. ಕೊರೆಸಿದ ಹೆಸರು ಹನುಮಕ್ಕನದು. ಬೀಗರು ಅದನ್ನು ಓದುವಷ್ಟು ಹತ್ತಿರ ಬರಲಿಲ್ಲ. ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿಕ್ಕ ಮಗಳು ನಾಗಿ ಅಕ್ಕನ ಸೀರೆಯ ತುದಿ ಹಿಡಿದುಕೊಂಡು ನಿಂತಿದ್ದಳು.

ಗಾಡಿಗೆ ಸಾಮಾನು ಏರಿಸುವವನು ತಿಪ್ಪಣ್ಣ. ಕೊಡದ ಸರದಿ ಬಂತು. ಎತ್ತಿಕೊಂಡ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಹುಲ್ಲು ಹಾಸಿ, ಉರುಳದಂತೆ ನಾಜೂಕಾಗಿ ಮಗಳ ಪಕ್ಕದಲ್ಲಿ ಇಟ್ಟ. ಗಾಡಿ ಹೊರಟ ಮೇಲೆ ನಮ್ಮಾಕೆಯ ಹತ್ತಿರ ಬಂದು, ನೆಲ ನೋಡುತ್ತ ಹೇಳಿದ:

"ಬಾವಿ ಬತ್ತಿದ ಮ್ಯಾಲ ನಾನ ಇಳದು ನಿಮ್ಮ ಗರಡಿ ತಗದು ಕೊಡ್ತೀನ್ರಿ ಅಕ್ಕಾರ."

"ತಗ್ದು ಕೊಡಪ್ಪ" ಎಂದಳು ಈಕೆ. "ನಿನ್ನ ಚಿಕ್ಕ ಮಗಳಿಗೂ ಅದು ಬೇಕಾಗ್ತೈತೆ."